ಬೆನ್ನಿನ ಆಪರೇಷನ್ ಆದವರ ಕಾಲಿನ ಮೇಲೆ ಕಣ್ಣಿರಲಿ

ಅಮರಾಪುರ, ಮಡಕಶಿರಾ ಕಡೆಯ ಕುಟುಂಬಗಳಲ್ಲಿ ಬೆನ್ನುಮೂಳೆಯ ಆಪರೇಷನ್ ಎಂದ ಕೂಡಲೇ ಬೆಂಗಳೂರಿನ ನಿಮ್ಹಾನ್ಸ್, ಸೇಂಟ್ ಜಾನ್ಸ್‌ನಂಥ ಆಸ್ಪತ್ರೆಗಳ ಮಾತು ಬರುತ್ತದೆ. ಹಾಗೆ ಹೋಗಿಬಂದವರ ಮನೆಗಳಿಗೆ ನಾವು ಗುರುಗಳು ಪರಮಪ್ರಸಾದ ಕೊಂಡೊಯ್ದಾಗ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ರೋಗಿಯನ್ನು ಮಂಚದಿಂದ ಇಳಿಯಗೊಡುವುದಿಲ್ಲ. ಯಾರಾದರೊಬ್ಬರು ಎಣ್ಣೆ ಹಚ್ಚಿ ಕಾಲೊತ್ತುತ್ತಿರುತ್ತಾರೆ. ಪದೇಪದೇ ಬಚ್ಚಲಿಗೆ ಏಳಬೇಕಾದೀತೆಂದು ನೀರನ್ನೂ ಅಳೆದು ಕೊಡುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಈ ಪ್ರೀತಿಯೇ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ.

ಕಾಲಿನ ರಕ್ತವನ್ನು ಹೃದಯದತ್ತ ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯುಗಳು. ಅವು ಕದಲದಿದ್ದರೆ ರಕ್ತ ನಿಧಾನವಾಗಿ, ಒಳಗಿನ ದೊಡ್ಡ ನಾಳಗಳಲ್ಲಿ ಹೆಪ್ಪುಗಟ್ಟಬಹುದು. ಆಪರೇಷನ್ನಿನ ಪೆಟ್ಟಿನಿಂದ ರಕ್ತದ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಸಾವೂ ಸಂಭವಿಸೀತು. ಎಲ್ಲರಿಗೂ ಹೀಗಾಗುವುದಿಲ್ಲ. ಕಾಲಿನ ಶಕ್ತಿ ಕುಂದಿದವರು, ಕ್ಯಾನ್ಸರ್ ಇರುವವರು, ಹಿಂದೊಮ್ಮೆ ಹೆಪ್ಪುಗಟ್ಟಿದವರು, ಸ್ಥೂಲಕಾಯದವರು, ವಯಸ್ಸಾದವರು ಹೆಚ್ಚು ಎಚ್ಚರದಿಂದಿರಬೇಕು. ಅಪಾಯ ಆಸ್ಪತ್ರೆಯಲ್ಲೇ ಮುಗಿಯುವುದಿಲ್ಲ, ಮನೆಗೆ ಬಂದ ಮೇಲೂ ಕೆಲವು ವಾರಗಳವರೆಗೆ ಇರುತ್ತದೆ.

‘ರಕ್ತ ತೆಳುವಾಗುವ ಮಾತ್ರೆ ನುಂಗಿದರಾಯಿತಲ್ಲ?’ ಎಂದು ಕೇಳುವವರುಂಟು. ಬೆನ್ನಿನ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಆಪರೇಷನ್ ಆದ ಜಾಗದಲ್ಲಿ ರಕ್ತ ಒಸರಿ ಶೇಖರವಾದರೆ ಅದು ಬೆನ್ನುಹುರಿಯನ್ನೇ ಒತ್ತಿ ಕಾಲಿನ ಸ್ವಾಧೀನ ತಪ್ಪಿಸಬಹುದು. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಬಿಗಿ ಕಾಲುಚೀಲ, ಗಾಳಿ ತುಂಬಿ ಕಾಲನ್ನು ಅದುಮಿ ಬಿಡುವ ಯಂತ್ರ, ಬೇಗ ಎಬ್ಬಿಸಿ ನಡೆಸುವುದು ಇವುಗಳನ್ನು ಮೊದಲು ನೆಚ್ಚುತ್ತಾರೆ. ಹೆಪಾರಿನ್‌ನಂಥ ಇಂಜೆಕ್ಷನ್ ಯಾರಿಗೆ, ಯಾವಾಗ ಎಂಬುದನ್ನು ಎರಡೂ ಅಪಾಯ ತೂಗಿ ಅವರೇ ನಿರ್ಧರಿಸಬೇಕು. ನೆರೆಮನೆಯವರ ಮಾತ್ರೆ ನಮಗಲ್ಲ. ವೈದ್ಯರು ಕೊಟ್ಟದ್ದನ್ನು ‘ಈಗ ಹುಷಾರಾಗಿದೆ’ ಎಂದು ನಡುವೆ ಬಿಡುವುದೂ ಸಲ್ಲದು. ಹೃದಯಕ್ಕೆಂದು ಮೊದಲಿನಿಂದ ನುಂಗುತ್ತಿದ್ದ ಮಾತ್ರೆಯನ್ನು ಆಪರೇಷನ್‌ಗಾಗಿ ನಿಲ್ಲಿಸಿದ್ದರೆ, ಮತ್ತೆ ಶುರುಮಾಡುವ ದಿನವನ್ನು ಕೇಳಿ ಬರೆಸಿಕೊಳ್ಳಿ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಗಡಿಯ ಜನ ನಾವು, ಮನೆಮಾತು ಕನ್ನಡ, ಕಚೇರಿಯದು ತೆಲುಗು. ವಾರ್ಡ್ ಬಿಡುವ ಮೊದಲೇ ಅದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುವುದಕ್ಕೆ ಸಂಕೋಚವೇಕೆ?

ಕಫೆರ್ನವುಮಿನ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು; ಹಿಂದಿರುಗುವಾಗ ಆತ ನಡೆದೇ ಹೋದ. ನಮ್ಮ ರೋಗಿಗಳನ್ನೂ ವೈದ್ಯರು ಹೇಳಿದಷ್ಟು ನಡೆಸೋಣ. ಮಲಗಿದ್ದಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ವೈದ್ಯರು ಬೇಡವೆನ್ನದಿದ್ದರೆ ನೀರು ಧಾರಾಳವಾಗಿ ಕುಡಿಯಲಿ. ಬೆಂಗಳೂರಿನಿಂದ ಬರುವ ದಾರಿಯಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿಸಿ.

ಒಂದು ಕಾಲು ಮಾತ್ರ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅದನ್ನು ಒತ್ತಬೇಡಿ, ತಿಕ್ಕಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಹಠಾತ್ತನೆ ಉಸಿರುಗಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ತಕ್ಷಣ 108ಕ್ಕೆ ಕರೆಮಾಡಿ. ಕಾಲುಗಳಲ್ಲಿ ಹೊಸದಾಗಿ ಬಲಹೀನತೆ, ತೊಡೆಸಂದಿಯಲ್ಲಿ ಮರಗಟ್ಟುವಿಕೆ, ಮೂತ್ರ ಕಟ್ಟುವುದು ಕೂಡ ಅಷ್ಟೇ ತುರ್ತು. ಯಾವ ಆಸ್ಪತ್ರೆಗೆ ಹೋದರೂ ಮೊದಲ ಮಾತಿನಲ್ಲೇ ಬೆನ್ನಿನ ಆಪರೇಷನ್ ಆದ ದಿನಾಂಕ ಹೇಳಿ, ಚೀಟಿ ಮುಂದಿಡಿ.