ಪಿಸ್ತೂಲು ಮತ್ತು ಅದರ ಸ್ಪ್ರಿಂಗು

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ವಿಮಾನ ಪ್ರದರ್ಶನವನ್ನು ಕಂಡು ನಾವು ಹಿಗ್ಗುತ್ತೇವೆ. ಅದೇ ಊರಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನೆಲೆಯೂ ಉಂಟು. ಆದರೆ ಕಾವಲಿನವನ ಸೊಂಟದ ಪಿಸ್ತೂಲಿನ ಕಡೆಗೆ ಯಾರ ದೃಷ್ಟಿಯೂ ಹರಿಯದು.

ನಮ್ಮ ಸೇನೆ, ಪೊಲೀಸರು ಬಹುಕಾಲದಿಂದ ಬಳಸುತ್ತ ಬಂದಿರುವ ಇಷಾಪುರದ 9 ಮಿ.ಮೀ. ಪಿಸ್ತೂಲು 1935ರ ಬ್ರೌನಿಂಗ್ ಮಾದರಿಯದು. ಅದರ ಮ್ಯಾಗಜೀನು 13 ತೋಟಾಗಳನ್ನು ಹಿಡಿಯುವುದು. ಅವುಗಳನ್ನು ಮೇಲಕ್ಕೆತ್ತುವುದು ಒಂದು ಸ್ಪ್ರಿಂಗು. ಅದು ಸೋತರೆ, ಇಲ್ಲವೆ ಮ್ಯಾಗಜೀನಿನ ಬಾಯಂಚು ಸೊಟ್ಟಗಾದರೆ, ತೋಟಾ ಸಕಾಲಕ್ಕೆ ಏರದೆ ಪಿಸ್ತೂಲು ಕಚ್ಚಿಕೊಳ್ಳುವುದು. ಹಾಗೆಂದು ಬಿಗಿ ಹೆಚ್ಚಿಸಿದ ಮಾತ್ರಕ್ಕೆ ಆಯುಧವು ಸುಧಾರಿಸದು. ಜಾರುವ ಮೇಲ್ಭಾಗವನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗು ಅತಿ ಬಿಗಿಯಾದರೆ, ಆ ಭಾಗವು ಪೂರಾ ಹಿಂದೆ ಸರಿಯದೆ ಸುಟ್ಟ ತೋಟಾ ಒಳಗೇ ಸಿಕ್ಕಿಕೊಳ್ಳುವುದು. ತೋಟಾದ ಬಲಕ್ಕೆ ಹೊಂದುವ ಸ್ಪ್ರಿಂಗೇ ಯೋಗ್ಯವಾದದ್ದು.

1999ರ ಕಾರ್ಗಿಲ್ ಯುದ್ಧದಲ್ಲಿ ಇನ್ಸಾಸ್ ಬಂದೂಕಿನ ಪ್ಲಾಸ್ಟಿಕ್ ಮ್ಯಾಗಜೀನುಗಳು ಚಳಿಗೆ ಬಿರಿದುದನ್ನು ದೇಶವು ಮರೆಯಬಾರದು.

ಆದಕಾರಣ ಹಾರಿಸಿದ ಗುಂಡುಗಳ ಲೆಕ್ಕವಿಟ್ಟು ಸ್ಪ್ರಿಂಗುಗಳನ್ನು ಬದಲಾಯಿಸುವ, ಪ್ರತಿ ಮ್ಯಾಗಜೀನಿಗೂ ಸಂಖ್ಯೆ ಕೊಟ್ಟು ಕೆಟ್ಟುದನ್ನು ಬೇರ್ಪಡಿಸುವ ಕ್ರಮವು ಪ್ರತಿಯೊಂದು ಆಯುಧಾಗಾರದಲ್ಲಿಯೂ ಇರತಕ್ಕದ್ದು. ಹೊಸ ಪಿಸ್ತೂಲಿನ ಬೆಲೆಯ ಮುಂದೆ ಇದರ ವೆಚ್ಚವು ಅತ್ಯಲ್ಪ. ಆ ಅಲ್ಪಕ್ಕೆ ಕೈಬಿಗಿ ಹಿಡಿದು ಕಾವಲುಗಾರನ ಪ್ರಾಣವನ್ನು ಪಣಕ್ಕೊಡ್ಡುವುದು ಮಿತವ್ಯಯವೆನಿಸೀತೆ?