ಸಾಕುನಾಯಿ, ಸೋಫಾ ಮತ್ತು ಸೀನು

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವವರು ಯಾರೂ ಇಲ್ಲ. ಆದರೆ ಮನೆಯ ಮಗು ನಾಲ್ಕು ದಿನ ಬಿಡದೆ ಸೀನಿದರೆ ಸಾಕು, ‘ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡೋಣ’ ಎಂಬ ಮಾತು ಬಂದುಬಿಡುತ್ತದೆ. ನಮ್ಮ ಚೆನ್ನೈನಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ಸಲಹಲು 1959ರಲ್ಲಿ ಆರಂಭವಾದ ಬ್ಲೂ ಕ್ರಾಸ್‌ನಂಥ ಸಂಸ್ಥೆಗಳಿವೆ, ನಿಜ. ಆದರೂ ಒಂದೇ ಮನೆಗೆ ಒಗ್ಗಿಹೋದ ಪ್ರಾಣಿಯನ್ನು ಹೊರಗೆ ಕಳಿಸುವ ಮುನ್ನ, ನಡುಮನೆಯಲ್ಲಿ ಕೂತಿರುವ ಸೋಫಾವನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಲರ್ಜಿಗೆ ಕಾರಣ ನಾಯಿ, ಬೆಕ್ಕಿನ ಕೂದಲು ಎಂದೇ ಬಹಳ ಜನ ತಿಳಿದಿದ್ದಾರೆ. ನಿಜವಾದ ಕಾರಣ ಅವುಗಳ ಎಂಜಲು, ಮೂತ್ರ ಹಾಗೂ ಚರ್ಮದಿಂದ ಉದುರುವ ಸಣ್ಣ ಹೊಟ್ಟಿನಲ್ಲಿರುವ ಪ್ರೋಟೀನ್‌ಗಳು. ಹಾಗಾಗಿ ನಮ್ಮ ಮುಧೋಳ ನಾಯಿಯಂತೆ ಕೂದಲು ಗಿಡ್ಡವಿದ್ದ ಮಾತ್ರಕ್ಕೆ ಅಲರ್ಜಿ ಬಾರದು ಎನ್ನುವ ಹಾಗಿಲ್ಲ. ಬೆಕ್ಕು ಮೈ ನೆಕ್ಕಿಕೊಂಡಾಗ ಎಂಜಲು ತುಪ್ಪಳದ ಮೇಲೆ ಒಣಗಿ, ಕಣ್ಣಿಗೆ ಕಾಣದ ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಮೊಸಾಯಿಕ್ ನೆಲದ ಮೇಲೆ ಬಿದ್ದುದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಸೋಫಾದ ಬಟ್ಟೆಗೆ, ಪರದೆಗೆ, ಕಾರ್ಪೆಟ್ಟಿಗೆ ಅಂಟಿಕೊಂಡದ್ದು ಮಾತ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬೆಕ್ಕನ್ನು ಮನೆಯಿಂದ ಕಳಿಸಿದ ಮೇಲೂ ಈ ಪುಡಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ‘ಹದಿನೈದು ದಿನ ನೆಂಟರ ಮನೆಯಲ್ಲಿ ಬಿಟ್ಟು ನೋಡೋಣ’ ಎಂಬ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಮನೆಯ ಧೂಳಿನಲ್ಲಿ ಬರಿಗಣ್ಣಿಗೆ ಕಾಣದ ನುಸಿಗಳಿರುತ್ತವೆ. ಧೂಳಿನಿಂದಾಗುವ ಅಲರ್ಜಿಗೆ ಇವೇ ಮುಖ್ಯ ಕಾರಣವೆಂದು 1964ರಲ್ಲಿ ಹಾಲೆಂಡಿನ ವೈದ್ಯ ಫೂರ್‌ಹಾರ್ಸ್ಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಉದುರಿದ ಚರ್ಮದ ಹೊಟ್ಟೇ ನುಸಿಯ ಆಹಾರ. ಗಾಳಿಯ ತೇವಾಂಶವೇ ಅದರ ನೀರು. ಶೇಕಡಾ 50ಕ್ಕಿಂತ ಕಡಿಮೆ ತೇವಾಂಶದಲ್ಲಿ ಬಹುಕಾಲ ಬದುಕಲಾರದ ಈ ಜೀವಿಗೆ, ಕಡಲ ದಂಡೆಯ ನಮ್ಮ ಊರು ತವರುಮನೆಯಿದ್ದಂತೆ. ಅಂದರೆ ನಾಯಿಯ ಮೇಲೆ ಹೊರಿಸಿದ ಅಪವಾದದಲ್ಲಿ ನುಸಿಯ ಪಾಲೂ ಇರಬಹುದು. ಚರ್ಮದ ಮೇಲೆ ಅಥವಾ ರಕ್ತದಲ್ಲಿ ಮಾಡುವ ಅಲರ್ಜಿ ಪರೀಕ್ಷೆಯಿಂದ ಯಾವುದರ ಪಾಲು ಎಷ್ಟೆಂದು ವೈದ್ಯರು ಹೇಳಬಲ್ಲರು.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ನಾಯಿಗೆ ಜಗಲಿ, ಮನೆಮಂದಿಗೆ ಚಾಪೆ, ಮಣೆ, ಬೆತ್ತದ ಕುರ್ಚಿ. ಧೂಳು ಅವಿತುಕೊಳ್ಳಲು ಜಾಗವೇ ಇರಲಿಲ್ಲ. ಈಗ ಫ್ಲ್ಯಾಟಿನಲ್ಲಿ ನಾಯಿ, ಸೋಫಾ, ಪರದೆ, ಏಸಿ ಎಲ್ಲವೂ ಮುಚ್ಚಿದ ಒಂದೇ ಕೋಣೆಯಲ್ಲಿ. ಆದ್ದರಿಂದ ಶುಚಿ ಮಾಡುವ ಕ್ರಮವೂ ಬದಲಾಗಬೇಕು.

ಮೊದಲನೆಯದಾಗಿ, ಸೋಫಾಕ್ಕೆ ತೆಗೆದು ಒಗೆಯಬಹುದಾದ ಹತ್ತಿಯ ಹೊದಿಕೆಗಳು ಎರಡು ಜೊತೆ ಇರಲಿ. ವಾರಕ್ಕೊಮ್ಮೆ ಬದಲಿಸಿ ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನುಸಿ ಸಾಯುತ್ತದೆ, ಎಂಜಲಿನ ಅಂಶವೂ ತೊಳೆದುಹೋಗುತ್ತದೆ. ಬಣ್ಣ ಬಿಡುವ ಬಟ್ಟೆ ಬೇಡ. ನಾಯಿಗೆ ಅದರದೇ ಆದ ಒಂದು ಹಾಸಿಗೆ ಹಾಕಿ, ಅದನ್ನೂ ಹೀಗೆಯೇ ಒಗೆಯಿರಿ.

ಎರಡನೆಯದಾಗಿ, ಕುಶನ್‌ಗಳನ್ನು ಮನೆಯೊಳಗೆ ಬಡಿಯಬೇಡಿ, ಸೋಫಾವನ್ನು ಪೊರಕೆಯಿಂದ ಗುಡಿಸಬೇಡಿ. ಕೂತಿದ್ದ ಧೂಳೆಲ್ಲ ಎದ್ದು ಮೂಗಿಗೇ ಬರುತ್ತದೆ. ವಾರಕ್ಕೆ ಎರಡು ಬಾರಿ ವ್ಯಾಕ್ಯೂಮ್ ಕ್ಲೀನರ್ ಆಡಿಸಿ. ಸಂದಿಗೊಂದಿಗಳನ್ನೂ ಕುಶನ್‌ನ ಅಡಿಭಾಗವನ್ನೂ ಮರೆಯದಿರಿ. ಸಾಧಾರಣ ಯಂತ್ರವು ಎಳೆದುಕೊಂಡ ನುಣ್ಣನೆ ಧೂಳನ್ನು ಹಿಂದಿನಿಂದ ಹೊರಬಿಡುವುದುಂಟು. ‘ಹೆಪಾ’ ಫಿಲ್ಟರ್ ಇರುವ ಯಂತ್ರವಾದರೆ ಆ ಭಯವಿಲ್ಲ. ಈ ಕೆಲಸ ನಡೆಯುವಾಗ ಅಲರ್ಜಿ ಇರುವವರು ಬೇರೆ ಕೋಣೆಯಲ್ಲಿರಲಿ. ಕೆಲಸದಾಕೆಗೂ ಮೂಗಿಗೆ ಕಟ್ಟಿಕೊಳ್ಳಲು ಮಾಸ್ಕ್ ಕೊಡಿ. ಅವರದೂ ಶ್ವಾಸಕೋಶವೇ ತಾನೆ!

ಮೂರನೆಯದು ಸೋಫಾಕ್ಕೆ ಶ್ಯಾಂಪೂ ಹಾಕುವ ವಿಚಾರ. ಕಂಪನಿಯ ಸೋಫಾಗಳಲ್ಲಿ ಕುಶನ್‌ನ ಅಡಿ ಒಂದು ಚೀಟಿ ಹೊಲಿದಿರುವುದುಂಟು. ಅದರಲ್ಲಿ ‘ಡಬ್ಲ್ಯೂ’ ಎಂದಿದ್ದರೆ ನೀರು ಬೆರೆಸಿದ ದ್ರಾವಣ ಬಳಸಬಹುದು; ‘ಎಸ್’ ಎಂದಿದ್ದರೆ ನೀರು ತಾಗಿಸದೆ ಡ್ರೈಕ್ಲೀನಿಂಗ್ ದ್ರಾವಣ ಮಾತ್ರ; ‘ಎಕ್ಸ್’ ಎಂದಿದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಕೂಡದು. ಬಡಗಿಯಿಂದ ಮಾಡಿಸಿದ ಸೋಫಾವಾದರೆ ಹಿಂಬದಿಯ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ ಮುಂದುವರಿಯಿರಿ. ಈ ಕೆಲಸವನ್ನು ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಇಟ್ಟುಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮಳೆ ಹಿಡಿದಾಗ, ಸರ್ವಥಾ ಬೇಡ. ಒಳಗಿನ ಫೋಮ್ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ನುಸಿ ಹೆಚ್ಚುತ್ತದೆ. ಹಳೆಯ ಸೀನಿಗೆ ಹೊಸ ಸೀನು ಸೇರುತ್ತದೆ. ಅಡುಗೆ ಸೋಡಾ ಚಿಮುಕಿಸಿದರೆ ವಾಸನೆ ಹೋಗುತ್ತದೆಯೇ ಹೊರತು ಅಲರ್ಜಿಯ ಅಂಶ ಹೋಗದು. ಊದುಬತ್ತಿ, ಸೊಳ್ಳೆಬತ್ತಿ, ಸುವಾಸನೆಯ ಸ್ಪ್ರೇಗಳು ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತವೆ.

ಮಲಗುವ ಕೋಣೆಗೆ ಮಾತ್ರ ನಾಯಿ, ಬೆಕ್ಕುಗಳಿಗೆ ಪ್ರವೇಶ ಬೇಡ. ದಿನದ ಏಳೆಂಟು ಗಂಟೆ ನಾವು ಉಸಿರಾಡುವ ಜಾಗ ಅದು. ನಾಯಿಗೆ ಸ್ನಾನ ಮಾಡಿಸಿದರೆ ಅಲರ್ಜಿಯ ಅಂಶ ತಗ್ಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮೊದಲಿನಷ್ಟೇ ಆಗುತ್ತದೆ. ಆದ್ದರಿಂದ ಸ್ನಾನವೊಂದನ್ನೇ ನಂಬಿ ಕೂರುವಂತಿಲ್ಲ.

ಇಷ್ಟೆಲ್ಲ ಮಾಡಿದರೆ ಸೀನು ಪೂರ್ತಿ ನಿಲ್ಲುತ್ತದೆಂದು ಹೇಳಲಾಗದು. ಉಬ್ಬಸವಿರುವ ಮಗುವಿಗೆ ರಾತ್ರಿ ಉಸಿರು ಕಟ್ಟುವಂತಾದರೆ ಒಗೆಯುವುದು, ಗುಡಿಸುವುದು ಎನ್ನುತ್ತಾ ಕಾಲ ಕಳೆಯದೆ ವೈದ್ಯರ ಬಳಿಗೆ ಓಡಬೇಕು. ಪ್ರಾಣಿಯನ್ನು ಬೇರೆಡೆ ಬಿಡುವುದೇ ಸರಿ ಎಂದು ಅವರು ಹೇಳಿದರೆ ಕೇಳಲೇಬೇಕು. ಮಗುವಿನ ಉಸಿರಿಗಿಂತ ದೊಡ್ಡದು ಯಾವುದೂ ಇಲ್ಲ. ಆಗಲೂ ಅದಕ್ಕೊಂದು ಒಳ್ಳೆಯ ಮನೆ ಹುಡುಕಿ ಕೊಡೋಣ, ಬೀದಿಗೆ ಬಿಡುವುದು ಬೇಡ. ನಾಯಿ ಹೋದ ಮೇಲೂ ಸೋಫಾ ಒಗೆಯುವ ಕೆಲಸವಂತೂ ನಮಗೆ ತಪ್ಪಿದ್ದಲ್ಲ. ಅದನ್ನು ಮೊದಲೇ ಮಾಡಿ ನೋಡಿದರೆ, ಎಷ್ಟೋ ಮನೆಗಳಲ್ಲಿ ಮಗುವೂ ನಾಯಿಯೂ ಒಂದೇ ಸೂರಿನಡಿ ಸುಖವಾಗಿರಬಹುದು.