‘ಹೆಸರು ಬರುತ್ತೆ’ ಅಂದ್ರೆ ಏನು ಹೇಳ್ಬೇಕು?

ಹೊಸ ಕೆಫೆಯವರು ಫೋನ್ ಮಾಡ್ತಾರೆ: “ಒಂದು ಲೋಗೋ ಮಾಡಿಕೊಡಿ. ದುಡ್ಡಿಲ್ಲ, ಆದ್ರೆ ಹೆಸರು ಬರುತ್ತೆ.”

ಅದೇ ಕೆಫೆಯ ಬಡಗಿಗೆ, ಎಲೆಕ್ಟ್ರಿಷಿಯನ್‌ಗೆ ಈ ಮಾತು ಯಾರೂ ಹೇಳಲ್ಲ. ನಿಮಗ್ಯಾಕೆ? ಹೆಸರಿನಿಂದ ಬಾಡಿಗೆ ಕಟ್ಟೋಕಾಗಲ್ಲ.

ಬೇಡ ಅನ್ನೋದು ಕಲಿಯಿರಿ. ಹೀಗೆ: “ಕೇಳಿದ್ದಕ್ಕೆ ಖುಷಿ. ಈ ಕೆಲಸಕ್ಕೆ ನನ್ನ ಶುಲ್ಕ ಇಷ್ಟು. ಬಜೆಟ್ ಹೊಂದಿದಾಗ ಸೇರಿ ಮಾಡೋಣ.” ಅಷ್ಟೇ. ಸಬೂಬು ಬೇಡ, ಕ್ಷಮೆಯೂ ಬೇಡ.

ಸ್ಯಾಂಪಲ್ ಕೇಳಿದ್ರಾ? ಹಳೆಯ ಕೆಲಸ ತೋರಿಸಿ.

ಇನ್ನೊಂದು ವಿಷಯ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ನಿಮ್ಮ ಕಾಪಿರೈಟ್ ಬೇರೆಯವರಿಗೆ ಬರೆದುಕೊಡೋಕೆ ಪತ್ರ ಬೇಕು, ಅದರಲ್ಲಿ ನಿಮ್ಮ ಅಥವಾ ನೀವು ಅಧಿಕಾರ ಕೊಟ್ಟವರ ಸಹಿ ಬೇಕು. ಬಾಯಿಮಾತು ಸಾಲದು.

ಊರಿನ ಶಾಲೆಗೆ ಉಚಿತವಾಗಿ ಮಾಡಿಕೊಡ್ತೀರಾ? ಮನಸಾರೆ ಮಾಡಿ. ಅದು ನೀವೇ ಆರಿಸಿಕೊಂಡ ಕೊಡುಗೆ ಆಗಿರಲಿ. ಬಿಟ್ಟಿ ಚಾಕರಿ ಮಾತ್ರ ಬೇಡ.